ತುಮಕೂರಿನ ಶೆಡ್ಡಿನಲ್ಲಿ ನಿಂತ ಕಟಮರಾನ್: ದುರಸ್ತಿಯಾದ ದೋಣಿಯೊಂದರ ಮಾರಾಟದ ಪ್ರಕರಣ

ತುಮಕೂರಿನಿಂದ ಕಡಲು ಮುನ್ನೂರು ಕಿಲೋಮೀಟರ್ ದೂರ. ಅಂಥ ಊರಿನ ಒಂದು ಲೇತ್ ಶೆಡ್ಡಿನಲ್ಲಿ 26 ಅಡಿಯ ಹಾಯಿದೋಣಿಯೊಂದು ಗಿರಾಕಿಗೆ ಕಾಯುತ್ತ ಒಂದು ವರ್ಷ ಒಂಬತ್ತು ತಿಂಗಳು ಕೂತಿತ್ತು. ದೋಣಿ ಕೆಟ್ಟದ್ದಲ್ಲ. ಅದಕ್ಕೆ ಸುರಿದ ದುಡ್ಡು ಸುಳ್ಳಲ್ಲ, ಕೆಲಸವೂ ಬಹುಪಾಲು ಸರಿಯಾಗಿಯೇ ಆಗಿತ್ತು. ಆದರೂ ಒಟ್ಟು 13,40,000 ರೂಪಾಯಿ ನುಂಗಿದ್ದ ದೋಣಿ ಕೊನೆಗೆ ಹೋದದ್ದು 8,60,000ಕ್ಕೆ. ನಷ್ಟವಾದದ್ದರಲ್ಲಿ ಅಚ್ಚರಿಯಿಲ್ಲ, ಹಳೇ ದೋಣಿ ದುರಸ್ತಿ ಮಾಡಿ ಲಾಭ ಮಾಡಿಕೊಂಡವರು ಕಡಿಮೆ. ಇಲ್ಲಿ ನೋಡಬೇಕಾದದ್ದು ಮಾರಾಟ ಯಾವಾಗ ಕೈತಪ್ಪಿತು, ಯಾವಾಗ ಕೈಗೆ ಬಂತು ಎಂಬುದನ್ನು. ಸಂಬಂಧಪಟ್ಟವರ ಗುರುತು ಸಿಗದಂತೆ ವಿವರ ಮರೆಸಿದೆ, ಮೊತ್ತಗಳನ್ನು ಸಾವಿರಕ್ಕೆ ಸರಿಹೊಂದಿಸಿದೆ.

ದೋಣಿ, ಅದರ ಒಡೆಯರು

ಒಡೆಯರು ಇಬ್ಬರು, ಸೋದರಮಾವ ಮತ್ತು ಅಳಿಯ. ಮಾವನಿಗೆ ತುಮಕೂರಿನ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸದ ಶೆಡ್ಡು. ಅಳಿಯ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಗೋವಾದಲ್ಲಿ ಹಾಯಿ ನಡೆಸುವುದನ್ನು ಕಲಿತವನು. ಗೋವಾದಲ್ಲಿ ಐದಾರು ವರ್ಷ ದಡದಲ್ಲೇ ಮಳೆ ತಿಂದಿದ್ದ ಒಂದು ‘ಟಿಕಿ 26’ ದೋಣಿಯನ್ನು ಇಬ್ಬರೂ ಸೇರಿ 3,40,000ಕ್ಕೆ ಕೊಂಡರು.

ಟಿಕಿ 26 ಬ್ರಿಟನ್ನಿನ ಜೇಮ್ಸ್ ವಾರಮ್ ಅವರ ವಿನ್ಯಾಸ. ಪ್ಲೈವುಡ್, ಎಪಾಕ್ಸಿ ಅಂಟು, ಗಾಜುನಾರಿನ ಬಟ್ಟೆಯಲ್ಲಿ ಮನೆಯಂಗಳದಲ್ಲೇ ಕಟ್ಟಿಕೊಳ್ಳಲಿ ಎಂದು ಮಾಡಿದ್ದು. ಇಕ್ಕಟ್ಟಾದ ಎರಡು ಒಡಲು, ಒಂದೊಂದರಲ್ಲೂ ಮಲಗುವಷ್ಟು ಜಾಗ. ಒಡಲುಗಳ ಮೇಲೆ ಅಡ್ಡಲಾಗಿ ಮೂರು ತೊಲೆ. ಜೋಡಿಸಿದಾಗ ಅಗಲ ಸುಮಾರು 15 ಅಡಿ, ಬರಿ ತೂಕ 700 ಕಿಲೋ ಆಸುಪಾಸು, ನೀರಿನಲ್ಲಿ ಮುಳುಗುವುದು ಒಂದೂಕಾಲು ಅಡಿ. ತೊಲೆಗಳನ್ನು ಒಡಲಿಗೆ ಬಿಗಿಯುವುದು ಬೋಲ್ಟಿನಿಂದಲ್ಲ, ಹಗ್ಗದಿಂದ. ಇಂಥ ಜೋಡಿ ಒಡಲಿನ ದೋಣಿಗೆ ಕಟಮರಾನ್ ಎನ್ನುತ್ತಾರೆ, ಆ ಮಾತೇ ತಮಿಳಿನ ಕಟ್ಟುಮರದಿಂದ ಹೋದದ್ದು. ಕಟ್ಟು ಯಾವುದು, ಮರ ಯಾವುದು ಎಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ದೋಣಿಯಲ್ಲಂತೂ ಹೆಸರಿಗೆ ತಕ್ಕಂತೆ ಹಗ್ಗ ಬಿಚ್ಚಿದರೆ ಇಡೀ ದೋಣಿ ಬಿಡಿಬಿಡಿ. ಲಾರಿಯ ಮೇಲೆ ಘಟ್ಟ ಹತ್ತಿಸಿ ತುಮಕೂರಿಗೆ ತರಲು ಆದದ್ದು ಇದರಿಂದಲೇ.

ತುಮಕೂರಿಗೆ ತಂದದ್ದು ಕೆಲಸದ ಮಟ್ಟಿಗೆ ಜಾಣತನದ ನಿರ್ಧಾರ. ಎಪಾಕ್ಸಿ ಕೆಲಸಕ್ಕೆ ಒಣಹವೆ ಬೇಕು. ಕರಾವಳಿಯ ತೇವಕ್ಕೆ ಹೊಸ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕೂರುತ್ತದೆ. ಅದನ್ನು ನೀರು ಹಾಕಿ ಉಜ್ಜಿ ತೆಗೆಯದೆ ಮುಂದಿನ ಕೋಟ್ ಹೊಡೆದರೆ ಹಿಡಿಯುವುದಿಲ್ಲ. ಬಯಲುಸೀಮೆಯ ಜನವರಿ, ಫೆಬ್ರವರಿಯಲ್ಲಿ ಈ ಕಾಟ ಬಹಳ ಕಡಿಮೆ. ಮಾರಾಟದ ಮಟ್ಟಿಗೆ ಅದೇ ನಿರ್ಧಾರ ಕುತ್ತಿಗೆಗೆ ಬಂತು, ಅದು ಮುಂದಿನ ಮಾತು.

ದುರಸ್ತಿ ಹದಿನಾಲ್ಕು ತಿಂಗಳು ನಡೆಯಿತು. ಪ್ಲೈವುಡ್ ದೋಣಿ ಕೊಳೆಯುವುದು ಉಪ್ಪುನೀರಿನಿಂದಲ್ಲ, ಮಳೆನೀರಿನಿಂದ. ಮರ ಕೊಳೆಸುವ ಬೂಷ್ಟಿಗೆ ಉಪ್ಪಿನಲ್ಲಿ ಬದುಕುವುದು ಕಷ್ಟ. ಡೆಕ್ಕಿನ ಮೂಲೆಯಲ್ಲಿ ನಿಂತ ಸಿಹಿನೀರು ಅದಕ್ಕೆ ಹಬ್ಬ. ಹಾಗಾಗಿ ಕೊಳೆ ಇದ್ದದ್ದು ತೊಲೆಗಳು ಕೂರುವ ತಾವಿನಲ್ಲಿ, ಹಗ್ಗ ಸುತ್ತುವ ಮರದ ದಿಮ್ಮಿಗಳ ಬುಡದಲ್ಲಿ, ಮುಚ್ಚಳಗಳ ಅಂಚಿನಲ್ಲಿ. ಅಲ್ಲೆಲ್ಲ ಹಳೆಯದನ್ನು ಕತ್ತರಿಸಿ ತೆಗೆದು ಐಎಸ್ 710 ದರ್ಜೆಯ ಮೆರೈನ್ ಪ್ಲೈ ಕೂರಿಸಿದರು. ಬೆಸುಗೆ ನೇರ ಅಂಚಿಗಲ್ಲ. ಪ್ಲೈಯ ದಪ್ಪದ ಎಂಟು ಪಟ್ಟು ಉದ್ದಕ್ಕೆ, ಅಂದರೆ 6 ಮಿಲಿಮೀಟರ್ ಪ್ಲೈಗೆ 48 ಮಿಲಿಮೀಟರ್ ಇಳಿಜಾರು ಕೆತ್ತಿ ಒಂದರ ಮೇಲೊಂದು ಕೂರಿಸಿ ಅಂಟಿಸಿದ್ದು. ಬಡಗಿ ಒಳ್ಳೆಯವನೇ ಸಿಕ್ಕಿದ್ದ.

ಎರಡು ಕಡೆ ಎಡವಿದರು, ಎರಡೂ ಆಗ ಗೊತ್ತಾಗಲಿಲ್ಲ. ಒಂದು, ಕೊಳೆ ಕತ್ತರಿಸಿದ ಮೇಲೆ ಒಂದು ಫೋಟೋ ತೆಗೆಯಲಿಲ್ಲ. ಮೊಬೈಲಿನಲ್ಲಿದ್ದ ಮುನ್ನೂರು ಚಿತ್ರಗಳಲ್ಲಿ ಹೆಚ್ಚಿನವು ಬಣ್ಣ ಹೊಡೆದ ಮೇಲಿನವು, ಉಳಿದವು ಕೆಲಸದವರ ಜೊತೆ ನಿಂತದ್ದು. ಎರಡನೆಯದು, ಕೀಲಿನ, ಅಂದರೆ ಒಡಲಿನ ತಳದ ಉದ್ದಕ್ಕೂ ಹೋಗುವ ಬೆನ್ನೆಲುಬಿನ ಅಡಿ. ಮರಳಿಗೆ ಎಳೆದು ಎಳೆದು ಕೀಲಿನ ಅಡಿಯ ಗಾಜುಬಟ್ಟೆ ಕೆಲವು ಕಡೆ ಸವೆದು ಪ್ಲೈ ಕಾಣುತ್ತಿತ್ತು. ಒಡಲು ತೊಟ್ಟಿಲಿನ, ಅಂದರೆ ಅದನ್ನು ಹೊತ್ತು ನಿಲ್ಲಿಸುವ ಚೌಕಟ್ಟಿನ ಮೇಲೆ ಕೂತಿದ್ದರಿಂದ ಅಲ್ಲಿಗೆ ಕೈ ಹೋಗಲಿಲ್ಲ. ಕೈಗೆ ಸಿಕ್ಕಷ್ಟಕ್ಕೆ ಬಣ್ಣ ಬಳಿದರು. ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ.

ಬೆಲೆ ಕಟ್ಟಿದ ಬಗೆ

ಖರ್ಚಿನ ಪಟ್ಟಿ ಮಾವನ ಡೈರಿಯಲ್ಲಿ ಪೈಸೆಪೈಸೆ ಇತ್ತು. ಗೋವಾದಿಂದ ಲಾರಿ, ಕ್ರೇನ್ ಸೇರಿ 62,000. ಪ್ಲೈ, ಮರ 48,000. ಎಪಾಕ್ಸಿ, ಗಾಜುಬಟ್ಟೆ, ಫಿಲ್ಲರ್ ಪುಡಿಗಳು 1,65,000. ಬಣ್ಣ 1,10,000. ಹೊಸ ದೊಡ್ಡ ಹಾಯಿ 1,45,000. ಮುಂದಿನ ಸಣ್ಣ ಹಾಯಿ ಹಳೆಯದೇ. ಹಗ್ಗ, ತಂತಿ, ಕೊಂಡಿಗಳು 92,000. 9.9 ಎಚ್‌ಪಿಯ ಹೊಸ ಔಟ್‌ಬೋರ್ಡ್ ಎಂಜಿನ್ 2,10,000. ಬ್ಯಾಟರಿ, ದೀಪ, ಸೋಲಾರ್ ಫಲಕ 38,000. ಕೂಲಿ 1,30,000. ಒಟ್ಟು ಹತ್ತು ಲಕ್ಷ. ಕೊಂಡ ಬೆಲೆ ಸೇರಿಸಿ 13,40,000. ಅದರ ಮೇಲೆ ‘ನಮ್ಮ ದುಡಿಮೆಗೆ’ ಎಂದು ಒಂದಿಷ್ಟು ಇಟ್ಟು 15,00,000 ಎಂದು ಬೋರ್ಡು ಹಾಕಿದರು.

ಲೇತ್ ಕೆಲಸದಲ್ಲಿ ಈ ಲೆಕ್ಕ ಸರಿ: ಮಾಲು, ಕೂಲಿ, ಮೇಲೆ ಲಾಭ. ಹಳೇ ದೋಣಿಯಲ್ಲಿ ಕೊಳ್ಳುವವನ ಡೈರಿ ಬೇರೆ. ಬಿಲ್ಲು, ಸೀರಿಯಲ್ ನಂಬರು ಇರುವ ಹೊಸ ಎಂಜಿನ್ನಿಗೆ ಅವನು ಮುಕ್ಕಾಲು ಬೆಲೆಯಾದರೂ ಕೊಟ್ಟಾನು, ಯಾಕೆಂದರೆ ನಾಳೆ ಬಿಚ್ಚಿ ಮಾರಬಹುದು. ಹಾಯಿಗೆ ಅರ್ಧ. ಬ್ಯಾಟರಿ, ದೀಪಕ್ಕೆ ನೆಪಮಾತ್ರ. ಎಪಾಕ್ಸಿ ಕೆಲಸಕ್ಕೆ, ಕಣ್ಣಿಗೆ ತೋರಿಸಿದರೆ ಬೆಲೆ, ಇಲ್ಲದಿದ್ದರೆ ಇಲ್ಲ. ಬಣ್ಣಕ್ಕೆ ಸೊನ್ನೆ, ಕೆಲವು ಸಲ ಸೊನ್ನೆಗಿಂತ ಕೆಳಗೆ. ಹಳೇ ಒಡಲಿನ ಮೇಲೆ ಥಳಥಳ ಹೊಸ ಬಣ್ಣ ಕಂಡ ಕೂಡಲೇ ಅನುಭವಸ್ಥನ ತಲೆಗೆ ಮೊದಲು ಬರುವ ಪ್ರಶ್ನೆ: ಅಡಿಯಲ್ಲಿ ಏನನ್ನು ಮುಚ್ಚಿದ್ದಾರೆ?

ಮೊದಲ ಸುತ್ತು

ಜಾಹೀರಾತು ಹೊರಟದ್ದು ಮೇ ತಿಂಗಳಲ್ಲಿ. ಪಶ್ಚಿಮ ಕರಾವಳಿಯಲ್ಲಿ ದೋಣಿ ಮಾರಲು ಅದಕ್ಕಿಂತ ಕೆಟ್ಟ ತಿಂಗಳಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಸಣ್ಣ ಹಾಯಿದೋಣಿಗಳು ಸೆಪ್ಟೆಂಬರ್ ತನಕ ದಡದಲ್ಲೇ. ಮೇನಲ್ಲಿ ಕೊಂಡವನು ದೋಣಿಯ ಜೊತೆ ನಾಲ್ಕು ತಿಂಗಳ ಕಾವಲನ್ನೂ ಕೊಂಡಂತೆ.

ಜಾಹೀರಾತಿನ ಮಾತು ‘ಸಂಪೂರ್ಣ ನವೀಕೃತ, ಹೊಸದರಂತಿದೆ’. ಆರು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಕರೆ ಬಂದವು. ಮೀನು ಹಿಡಿಯೋಕೆ ಆಗುತ್ತಾ, ಕೆರೆಯಲ್ಲಿ ಬಿಡಬಹುದಾ, ರೆಸಾರ್ಟಿಗೆ ಬಾಡಿಗೆ ಕೊಡ್ತೀರಾ, ಹೀಗೆ. ರೆಸಾರ್ಟಿನವರಿಗೆ ಬೇಕಾದದ್ದು ಹಣ ಪಡೆದು ಜನರನ್ನು ಕೂರಿಸುವ ದೋಣಿ. ಅದರ ಪರವಾನಗಿಯೇ ಬೇರೆ, ಈ ದೋಣಿಗೆ ಅದು ಇರಲಿಲ್ಲ. ನಿಜವಾದ ಗಿರಾಕಿ ಬಂದದ್ದು ನವೆಂಬರಿನಲ್ಲಿ, ಮಂಗಳೂರು ಕಡೆಯಿಂದ. ಶೆಡ್ಡಿಗೇ ಬಂದು, ಎರಡು ಗಂಟೆ ನೋಡಿ, 9,50,000 ಕೊಡುತ್ತೇನೆ, ನೀರಿನಲ್ಲಿ ಓಡಿಸಿ ತೋರಿಸಿ ಎಂದರು.

“ನೀವು ಮುಂಗಡ ಕೊಡಿ ಸಾರ್, ಆಮೇಲೆ ನೀರಿಗಿಳಿಸೋಣ” ಎಂದರು ಮಾವ.

“ನೀರಿಗಿಳಿಸಿ ಮಾರಾಯ್ರೇ, ಮುಂಗಡ ಅಲ್ಲೇ ಕೊಡುವ” ಎಂದರು ಅವರು.

ಇಬ್ಬರ ಮಾತೂ ಅವರವರ ಲೆಕ್ಕದಲ್ಲಿ ಸರಿ. ಲಾರಿ, ಕ್ರೇನ್, ಜೋಡಣೆ ಎಲ್ಲ ಸೇರಿ ಲಕ್ಷದ ಹತ್ತಿರ ಖರ್ಚು ಮಾಡಿ, ಗಿರಾಕಿ ಬೇಡವೆಂದರೆ ಏನು ಗತಿ ಎಂಬುದು ಮಾವನ ಚಿಂತೆ. ಹಗ್ಗವೇ ಕಟ್ಟದ, ಎರಡು ತುಂಡಾಗಿ ಮಲಗಿದ ವಸ್ತುವಿಗೆ ಹೇಗೆ ದುಡ್ಡಿಡಲಿ ಎಂಬುದು ಅವರದು. ಮೈದಾಳ ಕೆರೆಯಲ್ಲೋ ಮಾರ್ಕೋನಹಳ್ಳಿ ಜಲಾಶಯದಲ್ಲೋ ಒಂದು ದಿನ ಇಳಿಸಿ ತೋರಿಸಿದರಾಯಿತು ಎಂದು ಅಳಿಯ ಯೋಚಿಸಿದ್ದುಂಟು. ಅನುಮತಿಯ ಓಡಾಟ ನೆನೆದು ಕೈಬಿಟ್ಟ. ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಅಲೆಯಿಲ್ಲದ ಸಿಹಿನೀರಿನಲ್ಲಿ ತೇಲಿಸಿ ತೋರಿಸಿದರೆ ದೋಣಿ ಮುಳುಗುವುದಿಲ್ಲ ಎಂಬುದಷ್ಟೇ ಗೊತ್ತಾಗುತ್ತದೆ.

ಮಾತು ಅಲ್ಲಿಗೇ ನಿಂತಿತು. ಹದಿಮೂರು ಲಕ್ಷದ ದೋಣಿಗೆ ಒಂಬತ್ತೂವರೆ ಕೇಳಿದ್ದೇ ಮಾವನಿಗೆ ಅವಮಾನವೆನಿಸಿತ್ತು. ಆ ಗಿರಾಕಿ ಮತ್ತೆ ಬರಲಿಲ್ಲ. ಮುಂದೆ ಬೆಲೆಯನ್ನು ಹದಿನಾಲ್ಕಕ್ಕೆ, ಹನ್ನೆರಡೂವರೆಗೆ, ಹನ್ನೊಂದಕ್ಕೆ ಮೂರು ಸಲ ಇಳಿಸಿದರು. ಪ್ರತಿ ಸಲವೂ ಹಳೇ ಜಾಹೀರಾತಿನಲ್ಲೇ ಅಂಕಿ ಮಾತ್ರ ತಿದ್ದಿದ್ದು. ಬರುವವರಿಗೆ ಕಂಡದ್ದು ಅಗ್ಗವಾದ ದೋಣಿಯಲ್ಲ, ಯಾರೂ ಕೊಳ್ಳದ ದೋಣಿ.

ನಾಲ್ಕು ಕಿಟಕಿ, ಎರಡು ತೂತು

ಮರುವರ್ಷ ನವೆಂಬರಿನಲ್ಲಿ ಎರಡನೇ ಗಿರಾಕಿ ಬಂದ, ಜೊತೆಗೆ ಕಾರವಾರ ಕಡೆಯ ಒಬ್ಬ ದೋಣಿ ಪರೀಕ್ಷಕರನ್ನು ಕರೆತಂದ. ಪರೀಕ್ಷಕರ ಚೀಲದಲ್ಲಿ ಇದ್ದದ್ದು ಮರದ ಸುತ್ತಿಗೆ, ಟಾರ್ಚು, ತೇವ ಅಳೆಯುವ ಎರಡು ಮೀಟರು, ಒಂದು ಸಣ್ಣ ಶೀಷೆ.

“ಬಣ್ಣ ಚಲೋ ಅದೆ” ಎಂದರು ಮೊದಲು. “ಅಡಿಗೆ ಎಂತ ಅದೆ ಹೇಳಿ.”

ಮೊದಲು ಸುತ್ತಿಗೆ. ಅಂಗೈಯಗಲಕ್ಕೊಮ್ಮೆ ಮೆಲ್ಲಗೆ ತಟ್ಟುತ್ತ ಹೋಗುವುದು. ಗಟ್ಟಿ ಪ್ಲೈ ‘ಟಕ್’ ಎನ್ನುತ್ತದೆ, ಪದರ ಬಿಟ್ಟದ್ದು ‘ದಪ್’ ಎನ್ನುತ್ತದೆ. ಕಿವಿಗೆ ಏನೂ ಸಿಗಲಿಲ್ಲ. ಆಮೇಲೆ ಮೇಲ್ಮೈಗೆ ಒತ್ತಿ ಹಿಡಿಯುವ ಮೀಟರು. ನೀರಿನ ಗೆರೆಯ, ಅಂದರೆ ತೇಲುವಾಗ ನೀರು ಬರುವ ಮಟ್ಟದ, ಮೇಲ್ಭಾಗದಲ್ಲಿ ತೇವ ನೂರಕ್ಕೆ 11ರಿಂದ 13. ಗೆರೆಯ ಕೆಳಗೆ ಎಲ್ಲಿ ಹಿಡಿದರೂ 25ಕ್ಕಿಂತ ಹೆಚ್ಚು. ಗಿರಾಕಿಯ ಮುಖ ಕಪ್ಪಿಟ್ಟಿತು. ಮರದಲ್ಲಿ ತೇವ ನೂರಕ್ಕೆ 20 ದಾಟಿದರೆ ಕೊಳೆ ಹತ್ತಲು ದಾರಿಯಾಯಿತು ಎಂದರ್ಥ. 12ರ ಆಸುಪಾಸು ಅಥವಾ ಅದಕ್ಕಿಂತ ಕೆಳಗಿದ್ದರೆ ಮಾತ್ರ ಎಪಾಕ್ಸಿ ಹಾಕಲು ಯೋಗ್ಯ.

ಪರೀಕ್ಷಕರಿಗೆ ಅನುಮಾನ ಬಂದದ್ದು ಅಂಕಿಯ ಮೇಲಲ್ಲ, ಅದು ಎಲ್ಲೆಡೆ ಒಂದೇ ಸಮ ಇದ್ದುದರ ಮೇಲೆ. ನಿಜವಾದ ತೇವ ಮಚ್ಚೆಮಚ್ಚೆಯಾಗಿರುತ್ತದೆ. ನೀರಿನ ಗೆರೆಯ ಕೆಳಗೆ ಬಳಿದದ್ದು ಚಿಪ್ಪು, ಪಾಚಿ ಹತ್ತದಂತೆ ತಡೆಯುವ ತಾಮ್ರದ ಬಣ್ಣ. ಒತ್ತಿ ಹಿಡಿಯುವ ಮೀಟರು ತಾಮ್ರವನ್ನೇ ತೇವವೆಂದು ಓದುತ್ತದೆ. ಬಣ್ಣ ಕೆರೆಯದೆ ಮುಂದೆ ಹೋಗುವಂತಿಲ್ಲ. ಒಡಲಿಗೆ ಎರಡರಂತೆ ಅಂಗೈಯಗಲದ ನಾಲ್ಕು ಕಿಟಕಿ ಕೆರೆದು, ಮುಳ್ಳು ಚುಚ್ಚುವ ಮೀಟರಿನಿಂದ ಅಳೆದರು. ಪಕ್ಕೆಯ ಎರಡರಲ್ಲಿ 13. ಕೀಲಿನ ಅಡಿಯ ಎರಡರಲ್ಲಿ 23, 24.

ಅರ್ಧ ಸುಳ್ಳು ತೇವ, ಅರ್ಧ ನಿಜ ತೇವ. ನಿಜದ್ದರ ಕಾರಣ ಹುಡುಕಲು ಹತ್ತು ನಿಮಿಷ ಸಾಕಾಯಿತು. ಒಡಲು ಕೂತ ತೊಟ್ಟಿಲಿಗೆ ಮೆತ್ತೆಯಾಗಿ ಹಾಕಿದ್ದು ತೆಂಗಿನ ನಾರಿನ ಚಾಪೆ. ತೆಂಗಿನ ಸೀಮೆಯಲ್ಲಿ ಪುಕ್ಕಟೆ ಸಿಗುವಾಗ ರಬ್ಬರಿಗೆ ಯಾರು ದುಡ್ಡು ಕೊಡುತ್ತಾರೆ? ಎರಡು ವರ್ಷದ ಸೆಪ್ಟೆಂಬರ್, ಅಕ್ಟೋಬರಿನ ಮಳೆಯ ಇರಚಲು ಶೆಡ್ಡಿನ ಒಂದು ಬದಿಯಿಂದ ಹೊಡೆದು, ನಾರು ನೀರು ಹೀರಿ, ವಾರಗಟ್ಟಲೆ ಹಿಡಿದಿಟ್ಟುಕೊಂಡು ಸವೆದ ಕೀಲಿಗೆ ಉಣಿಸಿತ್ತು. ಸಮುದ್ರ ಮುಟ್ಟದ ದೋಣಿಯ ಕೀಲು ಒದ್ದೆಯಾದದ್ದು ಚಾಪೆಯಿಂದ.

ಶೀಷೆಯ ಸರದಿ ಬಂತು. ಹಾಯಿಗಂಬದ ತಂತಿ ಕಟ್ಟುವ ಪಟ್ಟಿಗಳು, ಕೊಂಡಿಗಳು ಮಾವ ತಾವೇ ಲೇತಿನಲ್ಲಿ ಮಾಡಿದ್ದು, ನೋಡಲು ಆಭರಣದಂತೆ. “ಮ್ಯಾಗ್ನೆಟ್ ಹಿಡಿದು ನೋಡಿದ್ದೀನಿ, ಪಕ್ಕಾ ಸ್ಟೀಲು” ಎಂದರು. ಆಯಸ್ಕಾಂತ ಸ್ಟೇನ್‌ಲೆಸ್ ಸ್ಟೀಲಿನ 304 ದರ್ಜೆಗೂ ಅಂಟುವುದಿಲ್ಲ, 316 ದರ್ಜೆಗೂ ಅಂಟುವುದಿಲ್ಲ ಎನ್ನಬಹುದು. ಅದರಿಂದ ಎರಡನ್ನೂ ಬೇರ್ಪಡಿಸಲಾಗದು. ವ್ಯತ್ಯಾಸವೆಲ್ಲ 316ರಲ್ಲಿರುವ ನೂರಕ್ಕೆ ಎರಡು ಮೂರರಷ್ಟು ಮಾಲಿಬ್ಡಿನಂನಲ್ಲಿದೆ. ಉಪ್ಪುನೀರಿನ ಕ್ಲೋರೈಡನ್ನು ತಡೆದುಕೊಳ್ಳುವುದು ಅದೇ. ಶೀಷೆಯ ಹನಿ ಹಾಕಿದಾಗ, ಮಾಲಿಬ್ಡಿನಂ ಇದ್ದರೆ ಬರಬೇಕಾದ ಬಣ್ಣ ಬರಲಿಲ್ಲ. ಹನ್ನೊಂದು ಬಿಡಿಭಾಗಗಳೂ 304. ಸಮುದ್ರ ಕಂಡಿದ್ದರೆ ಒಂದೇ ಸೀಸನ್ನಿನಲ್ಲಿ ಚಹಾ ಬಣ್ಣದ ಗೆರೆ ಇಳಿದು ತಾನೇ ಹೇಳುತ್ತಿತ್ತು. ತುಮಕೂರಿನ ಒಣಹವೆಯಲ್ಲಿ ಅದೂ ಮುಚ್ಚಿಹೋಗಿತ್ತು.

ಉಳಿದದ್ದು ತೊಲೆ ಕೂರುವ ತಾವು. ಇಲ್ಲಿ ಹಳೇ ಪ್ಲೈ ತೆಗೆದು ಹೊಸದು ಹಾಕಿದ್ದೇವೆ ಎಂದು ಒಡೆಯರು ಹೇಳಿದರು. ಫೋಟೋ ಇಲ್ಲ. ಹಾಗಾದರೆ ಒಳಗಿನಿಂದ, ಕಾಣದ ಕಡೆ, ಎರಡು ತೂತು ಕೊರೆದು ತಿರುಳು ತೆಗೆದು ನೋಡೋಣ ಎಂದರು ಪರೀಕ್ಷಕರು. ಬೆರಳಗಲದ ತೂತು, ಆಮೇಲೆ ಎಪಾಕ್ಸಿಯಲ್ಲಿ ಮುಚ್ಚಿದರೆ ಮುಗಿಯಿತು. ಮಾವ ಒಪ್ಪಲಿಲ್ಲ. ಗಿರಾಕಿ ಅಂದು ಬರಿಗೈಯಲ್ಲಿ ಹೋದ.

ಪ್ರಕರಣ ತಿರುಗಿದ್ದು ಮುಂದಿನ ಮೂರು ದಿನದಲ್ಲಿ. ಅಳಿಯ ಹೇಳಿದ ಮಾತು ಇಷ್ಟೇ: “ಮಾವ, ನೀವು ಒಂದು ಹಳೇ ಲೇತ್ ಕೊಳ್ಳೋಕೆ ಹೋದ್ರೆ ಹೆಡ್‌ಸ್ಟಾಕ್ ಬಿಚ್ಚಿಸ್ದೆ ದುಡ್ಡು ಕೊಡ್ತೀರಾ?” ಮಾವ ನಾಲ್ಕನೇ ದಿನ ಗಿರಾಕಿಗೆ ತಾವೇ ಫೋನ್ ಮಾಡಿ, ಎರಡಲ್ಲ ನಾಲ್ಕು ತೂತು ಹಾಕಿ, ನಾನೇ ಕೊರೆದುಕೊಡ್ತೀನಿ ಎಂದರು.

ನಾಲ್ಕರಲ್ಲಿ ಮೂರು ತಿರುಳು ಶುದ್ಧ: ತಿಳಿ ಬಣ್ಣದ ಹೊಸ ಪದರಗಳು, ನಡುವೆ ಅಂಟಿನ ತೆಳುಗೆರೆ. ನಾಲ್ಕನೆಯದರ ಅಂಚು ಕಾಫಿಪುಡಿಯ ಬಣ್ಣ, ಉಗುರಿಗೆ ಉದುರಿತು. ಬಡಗಿ ಕೊಳೆಯನ್ನು ಕತ್ತರಿಸಿದಾಗ ಅದರ ಬಾಲ ಉಳಿದಿತ್ತು. ಕಣ್ಣಿಗೆ ಕಾಣುವ ಕೊಳೆಯ ಗಡಿಯಿಂದಾಚೆ ಇನ್ನೂ ನಾಲ್ಕು ಬೆರಳು ಗಟ್ಟಿ ಮರ ಸೇರಿಸಿ ಕತ್ತರಿಸುವ ರೂಢಿಯಿರುವುದು ಇದಕ್ಕಾಗಿ.

ವಿಚಿತ್ರವೆಂದರೆ ಗಿರಾಕಿ ಓಡಿಹೋಗಲಿಲ್ಲ. ದೋಷ ಎಷ್ಟಿದೆ ಎಂಬುದಕ್ಕೆ ಈಗ ಅಳತೆ ಸಿಕ್ಕಿತ್ತು. ಅಳತೆಯಿಲ್ಲದ ಅನುಮಾನಕ್ಕೆ ಗಿರಾಕಿ ಮೂರ್ನಾಲ್ಕು ಲಕ್ಷ ಕಡಿಯುತ್ತಾನೆ. ಅಳೆದ ದೋಷಕ್ಕೆ ದುರಸ್ತಿಯ ಖರ್ಚು ಮಾತ್ರ ಕಡಿಯುತ್ತಾನೆ.

ಮತ್ತೆ ಕೆಲಸ

ಕೀಲಿನ ಬಣ್ಣ, ಹಳೇ ಗಾಜುಬಟ್ಟೆಯನ್ನು ತೇವದ ಮಚ್ಚೆಯಿಂದ ಆಚೀಚೆ 40 ಸೆಂಟಿಮೀಟರ್ ಕೆರೆದು, ಒಡಲನ್ನು ನೆರಳಿನಲ್ಲಿ ಫ್ಯಾನಿನ ಗಾಳಿಗೆ ಬಿಟ್ಟರು. ಬಿಸಿಗಾಳಿ ಊದಿ ಅವಸರ ಮಾಡಲಿಲ್ಲ, ಮಾಡಿದ್ದರೆ ಮೇಲ್ಪದರ ಒಣಗಿ ಒಳಗಿನ ತೇವ ಸಿಕ್ಕಿಕೊಳ್ಳುತ್ತಿತ್ತು. ಮೂರು ದಿನಕ್ಕೊಮ್ಮೆ ಮೀಟರ್ ಚುಚ್ಚಿ ಅಂಕಿಯನ್ನು ಮರದ ಮೇಲೇ ಮಾರ್ಕರಿನಿಂದ ಬರೆದು ಫೋಟೋ. 24, 21, 19, 16... 12ಕ್ಕೆ ಇಳಿಯಲು ಐದು ವಾರ ಹಿಡಿಯಿತು. ಆಮೇಲೆ ಮೂರು ಪದರ ಗಾಜುಬಟ್ಟೆ, ಒಂದೊಂದರ ಅಂಚೂ ಹಿಂದಿನದಕ್ಕಿಂತ ಎರಡು ಬೆರಳು ಆಚೆಗೆ. ಕೊಳೆಯಿದ್ದ ತಾವಿನಲ್ಲಿ 18 × 30 ಸೆಂಟಿಮೀಟರ್ ತುಂಡು ತೆಗೆದು ಹೊಸದು ಕೂರಿಸಿದರು. ಪಕ್ಕದಲ್ಲಿ ಸ್ಕೇಲು ಇಟ್ಟು ಹಂತಹಂತಕ್ಕೂ ಫೋಟೋ ತೆಗೆದರು. ತೊಟ್ಟಿಲಿಗೆ ಹಳೇ ಟೈರಿನ ರಬ್ಬರ್ ಬಂತು. ಕೊಂಡಿಗಳಿಗೆ 316 ಸರಳು ತರಿಸಿ ಮಾವ ಮತ್ತೆ ಹನ್ನೊಂದನ್ನೂ ತಿರುಗಿಸಿದರು, ಈ ಸಲ ಮಾಲಿನ ಪರೀಕ್ಷಾ ಪತ್ರ ಕೈಯಲ್ಲಿ ಹಿಡಿದು. ಎಲ್ಲ ಸೇರಿ 41,000.

ಆದರೆ ಮುಖ್ಯ ಕೆಲಸ ಮಾಡದೇ ಬಿಟ್ಟದ್ದು: ನಾಲ್ಕು ಕಿಟಕಿಗಳ ಪೈಕಿ ಪಕ್ಕೆಯ ಎರಡಕ್ಕೆ ಬಣ್ಣ ಹೊಡೆಯಲಿಲ್ಲ. ತಿಳಿ ಎಪಾಕ್ಸಿ ಮಾತ್ರ ಬಳಿದು, ಒಳಗಿನ ಪ್ಲೈ ಕಾಣುವಂತೆ ಬಿಟ್ಟರು. ಜಾಹೀರಾತನ್ನು ತಿರುಗಿ ಬರೆದರು. ಏನು ಹೊಸದು, ಏನು ಹಳೆಯದು, ಎಲ್ಲಿ ಕೊಳೆ ಸಿಕ್ಕಿತು, ಹೇಗೆ ತೆಗೆದರು, ಮುಂದಿನ ಹಾಯಿ ಇನ್ನೆರಡು ಸೀಸನ್ ಬಂದರೆ ಹೆಚ್ಚು. ಬೆಲೆ 9,25,000. ಆ ಜಾಹೀರಾತಿಗೆ ಬಂದದ್ದು ಒಂಬತ್ತೇ ಕರೆ. ಒಂಬತ್ತರಲ್ಲಿ ಮೂವರು ನೋಡಲು ಬಂದರು. ಎರಡನೇ ಗಿರಾಕಿ ಬಿಟ್ಟರೂ ಕೈಯಲ್ಲಿ ಬೇರೆಯವರೂ ಇದ್ದಾರೆಂಬ ಧೈರ್ಯ ಮುಂದೆ ಚೌಕಾಶಿಯಲ್ಲಿ ಕೆಲಸಕ್ಕೆ ಬಂತು.

ಕಾಗದಪತ್ರದ್ದೇ ಒಂದು ತಲೆನೋವು. ದೋಣಿ ಇನ್ನೂ ಹಿಂದಿನ ಒಡೆಯರ ಹೆಸರಿನಲ್ಲಿತ್ತು. ಛಾಪಾ ಕಾಗದದ ಕರಾರು ಇದೆಯಲ್ಲ ಎಂದು ಇವರು ವರ್ಗಾವಣೆಯನ್ನೇ ಮಾಡಿಸಿರಲಿಲ್ಲ. ನದಿ, ಹಿನ್ನೀರಿನಲ್ಲಿ ಓಡಿಸುವ ಎಂಜಿನ್ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ, ಸಮುದ್ರಕ್ಕೆ ಬೇರೆ ನಿಯಮ. ಯಾವುದರಡಿ ಹೋಗುವುದಿದ್ದರೂ ಮೊದಲು ಕೇಳುವುದು ಕೈಬದಲಾದ ಸರಪಳಿ. ಹಳೇ ಒಡೆಯರ ಸಹಿ ತರಿಸಿ, ಹೆಸರು ಬದಲಾಗಲು ಏಳು ವಾರ. ಜಾಹೀರಾತು ಹಾಕುವ ಮೊದಲೇ ಮಾಡಿಸಿಟ್ಟಿದ್ದರೆ ಖರ್ಚು ಅಷ್ಟೇ, ಅವಸರ ಇರುತ್ತಿರಲಿಲ್ಲ.

ಕಾರವಾರ

ಜನವರಿ ಕೊನೆಯಲ್ಲಿ ದೋಣಿ ಲಾರಿ ಹತ್ತಿತು. ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಾರವಾರ. 58,000. ಈ ಸಲ ಒಪ್ಪಂದ ಹೀಗೆ: ಸಾಗಣೆ ಮಾರುವವರದು, ಪರೀಕ್ಷಕರ ಶುಲ್ಕ ಕೊಳ್ಳುವವನದು, ಮುಂಗಡ 50,000 ಇಬ್ಬರಿಗೂ ಗೊತ್ತಿರುವ ಮೂರನೆಯವರ ಕೈಯಲ್ಲಿ. ಪರೀಕ್ಷೆಯಲ್ಲಿ ಪಟ್ಟಿಯಲ್ಲಿಲ್ಲದ ದೋಷ ಸಿಕ್ಕರೆ ಮುಂಗಡ ವಾಪಸು; ಸಿಗದೆ ಗಿರಾಕಿ ಹಿಂದೆ ಸರಿದರೆ ಅದು ಸಾಗಣೆಗೆ ಜಮಾ. ಮೊದಲ ಗಿರಾಕಿಯೊಂದಿಗೆ ಕಡಿದುಹೋದ ಗಂಟು ಇಷ್ಟರಿಂದಲೇ ಬಿಚ್ಚುತ್ತಿತ್ತು.

ತೊಲೆ ಕಟ್ಟಲು ಪಾಲಿಯೆಸ್ಟರ್ ಹಗ್ಗವೇ ಆಗಬೇಕು. ನೈಲಾನ್ ಒದ್ದೆಯಾದರೆ ಜಗ್ಗುತ್ತದೆ. ಕಟ್ಟು ಒಂದು ಸಲಕ್ಕೆ ಮುಗಿಯುವುದಿಲ್ಲ. ನೀರಿನಲ್ಲಿ ಒಂದು ಗಂಟೆ ಓಡಿಸಿ ಸುತ್ತುಗಳು ಕೂತ ಮೇಲೆ ಬಿಚ್ಚಿ ಮತ್ತೆ ಬಿಗಿಯಬೇಕು. ಇದನ್ನು ಗಿರಾಕಿಯ ಕೈಯಲ್ಲೇ ಮಾಡಿಸಿದ್ದು ಅಳಿಯನ ಜಾಣತನ.

ಫೆಬ್ರವರಿಯ ಕಾರವಾರದಲ್ಲಿ ಬೆಳಿಗ್ಗೆ ದಡದ ಕಡೆಯಿಂದ ಮೆಲುಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ. ಅದಕ್ಕೆ ತಕ್ಕಂತೆ ಬೆಳಿಗ್ಗೆ ಎಂಜಿನ್, ಮಧ್ಯಾಹ್ನ ಹಾಯಿ. ಪರೀಕ್ಷಕರು ಬಂದವರೇ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟರು. ತಣ್ಣಗಿತ್ತು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಅದಕ್ಕೆ ಈ ಕೈ. ಎರಡನೇ ಎಳೆತಕ್ಕೆ ಶುರುವಾಯಿತು. ತಂಪುನೀರಿನ ಸಣ್ಣ ಧಾರೆ ಎಡೆಬಿಡದೆ ಬರುತ್ತಿದೆಯೇ ಎಂದು ನೋಡಿ, ಹತ್ತು ನಿಮಿಷ ಪೂರ್ತಿ ಥ್ರಾಟಲ್, ದಡಕ್ಕೆ ಬಂದ ಮೇಲೆ ಗೇರ್ ಎಣ್ಣೆಯ ತಿರುಪು ಸಡಿಲಿಸಿ ಒಂದು ಹನಿ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಸೀಲು ಹೋಗಿ ನೀರು ನುಗ್ಗಿದೆ ಎಂದರ್ಥ. ಆಗಿರಲಿಲ್ಲ.

ಮಧ್ಯಾಹ್ನ ಹಾಯಿಯಲ್ಲಿ ಕಾಳಿ ನದಿಯ ಬಾಯಿಂದಾಚೆಗೆ ಎರಡು ಗಂಟೆ. ಹಗುರ ಕಟಮರಾನುಗಳು ಗಾಳಿಗೆ ಎದುರಾಗಿ ದಿಕ್ಕು ಬದಲಿಸುವಾಗ ನಡುವೆ ನಿಂತುಬಿಡುವುದುಂಟು. ಮುಂದಿನ ಸಣ್ಣ ಹಾಯಿಯನ್ನು ಒಂದು ಕ್ಷಣ ಗಾಳಿ ಅದರ ಹಿಂಬದಿಗೆ ಬಡಿಯುವಂತೆ ಹಿಡಿದು ದೋಣಿಯ ಮೂತಿ ತಿರುಗಿಸಬೇಕು. ಗಿರಾಕಿಗೆ ಅದು ಗೊತ್ತಿರಲಿಲ್ಲ, ಮೊದಲ ಸಲ ದೋಣಿ ನಿಂತಾಗ ದೋಷವೆಂದುಕೊಂಡ. ಅಳಿಯ ಮಾಡಿ ತೋರಿಸಿ, ಮೂರು ಸಲ ಅವನಿಂದಲೇ ಮಾಡಿಸಿದ. ಹೊರಡುವ ಮೊದಲು ಎರಡೂ ಒಡಲಿನ ತಳದಲ್ಲಿ ಎರಡೆರಡು ಒಣ ಸ್ಪಂಜು ಇಟ್ಟಿದ್ದರು. ವಾಪಸು ಬಂದಾಗ ಮೂರು ಒಣ, ಒಂದು ಒದ್ದೆ. ನಾಲಿಗೆಗೆ ತಾಗಿಸಿ ನೋಡಿದರು, ಉಪ್ಪಿಲ್ಲ. ಕುಡಿಯುವ ನೀರಿನ ಬಾಟಲಿ ಉರುಳಿತ್ತು.

ದುಡ್ಡಿನ ಮಾತು

9,25,000ದಿಂದ ಚೌಕಾಶಿ ಶುರುವಾಗಿ 8,60,000ಕ್ಕೆ ನಿಂತಿತು. ಕಡಿತವಾದ 65,000ಕ್ಕೂ ಹೆಸರಿತ್ತು: ಹಳೇ ಹಾಯಿಗೆ ಇಷ್ಟು, ಚುಕ್ಕಾಣಿಯ ಸವೆತಕ್ಕೆ ಇಷ್ಟು, ಬಣ್ಣ ಕೆರೆದಲ್ಲಿ ಮತ್ತೆ ಬಳಿಯಲು ಇಷ್ಟು. ದುರಸ್ತಿ 41,000, ಸಾಗಣೆ 58,000, ಕಾರವಾರದಲ್ಲಿ ದೋಣಿ ಇಟ್ಟದ್ದು, ಕ್ರೇನ್, ಕಾವಲು 36,000 ಕಳೆದರೆ ಕೈಗೆ ಉಳಿದದ್ದು 7,25,000. ಹಾಕಿದ್ದರ ಲೆಕ್ಕದಲ್ಲಿ 6,15,000 ಹೋಯಿತು.

ಮೊದಲ ನವೆಂಬರಿನ 9,50,000 ಒಪ್ಪಿಕೊಂಡಿದ್ದರೆ ಎಂದು ಈಗ ಹೇಳುವುದು ಸುಲಭ. ಆ ಗಿರಾಕಿಯೂ ಒಬ್ಬ ಪರೀಕ್ಷಕರನ್ನು ತಂದಿದ್ದರೆ ಅದೇ 304, ಅದೇ ಕೊಳೆಯ ಬಾಲ ಸಿಗುತ್ತಿತ್ತು, ಆಗ ಆ ಬೆಲೆಯೂ ನಿಲ್ಲುತ್ತಿರಲಿಲ್ಲ. ಅಂದು ಕಳೆದುಕೊಂಡದ್ದು ಮೊತ್ತಕ್ಕಿಂತ ಹೆಚ್ಚಾಗಿ ಒಂದು ಸೀಸನ್ನು, ಮತ್ತು ಕೀಲಿಗೆ ಒಂದು ಮಳೆಗಾಲದ ನೀರು. ಒಳಗೆ ಒಣಗಿಸಿ ಕೆಲಸ ಮಾಡಲು ತುಮಕೂರೇ ಸರಿ. ಬಣ್ಣ ಒಣಗಿದ ಮರುವಾರವೇ ದೋಣಿ ಕಡಲಿಗೆ ಹೋಗಬೇಕಿತ್ತು. ಅಕ್ಟೋಬರಿನಲ್ಲಿ ನೀರಿಗೆ ಬಿದ್ದು ಒಂದು ಸೀಸನ್ ಓಡಿದ್ದರೆ 304 ಕೊಂಡಿಗಳ ಬಣ್ಣ ಒಡೆಯರಿಗೇ ಮೊದಲು ಬಯಲಾಗುತ್ತಿತ್ತು. ಓಡುತ್ತಿರುವ ದೋಣಿಯ ಮೇಲೆ ಒಂದಿಷ್ಟು ಗೀರು ಇದ್ದರೆ ಗಿರಾಕಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ಬಣ್ಣಕ್ಕೆ ಹೋದ 1,10,000ದಲ್ಲಿ ಅರ್ಧದಷ್ಟು, ಮಾರುವ ಉದ್ದೇಶದ ಮಟ್ಟಿಗೆ, ವ್ಯರ್ಥ. ಡೆಕ್ಕಿಗೆ ಬಿಸಿಲು ತಡೆಯುವ ಎರಡು ಕೋಟು ಬೇಕೇಬೇಕು, ಎಪಾಕ್ಸಿ ಬಿಸಿಲಿಗೆ ಹಾಳಾಗುತ್ತದೆ. ಪಕ್ಕೆಯ ಹೊಳಪು, ಗೆರೆ, ಹೆಸರಿನ ಚಿತ್ತಾರ ಕೊಳ್ಳುವವನು ಹೇಗೂ ಬದಲಿಸುತ್ತಾನೆ. ಇವನೂ ಬದಲಿಸಿದ.

ಒಪ್ಪಂದದ ಕೊನೆಯ ಕಲಮಿಗಾಗಿ ಮಾವ ಅರ್ಧ ದಿನ ವಾದ ಮಾಡಿದರು. ಗಿರಾಕಿ ಕೇಳಿದ್ದು 40,000 ರೂಪಾಯಿಯನ್ನು 45 ದಿನ ತಡೆಹಿಡಿಯಲು. ಅಳಿಯ ಒಪ್ಪಿಸಿದ, ಒಂದು ಶರತ್ತಿನ ಮೇಲೆ: ನೀರಿನ ಗೆರೆಯ ಕೆಳಗೆ ಒಡಲಿನಿಂದ ನೀರು ಬಂದರೆ ಮಾತ್ರ ಆ ಹಣದ ಮೇಲೆ ಹಕ್ಕು, ಬೇರಾವುದಕ್ಕೂ ಅಲ್ಲ; ಎಂಜಿನ್, ಹಾಯಿ, ಹಗ್ಗ ಕೊಂಡ ದಿನಕ್ಕೇ ಮುಗಿಯಿತು. ಹೀಗೆ ಒಂದೇ ದೋಷಕ್ಕೆ ಕಟ್ಟದೆ ‘ಯಾವುದೇ ತೊಂದರೆ ಕಂಡುಬಂದಲ್ಲಿ’ ಎಂದು ಬರೆದಿದ್ದರೆ ಆ ಹಣ ಬರುತ್ತಿರಲಿಲ್ಲ, ಜಗಳ ಬರುತ್ತಿತ್ತು. ಮಾರ್ಚ್ ಕೊನೆಯ ವಾರ ಅಳಿಯನ ಮೊಬೈಲಿಗೆ ಒಂದು ಫೋಟೋ ಬಂತು: ಬೆಂಚಿನ ಮೇಲೆ ಸಾಲಾಗಿ ಇಟ್ಟ ನಾಲ್ಕು ಸ್ಪಂಜು, ನಾಲ್ಕೂ ಒಣ. ಹಣ ಅದೇ ಸಂಜೆ ಮಾವನ ಖಾತೆಗೆ ಬಿತ್ತು.